ಚಿಲ್ಲರೆ ಇದ್ದರೆ ಕೊಡಿ ಸ್ವಾಮಿ

ಫಿಲಿಪ್ಪೀನ್ಸ್‌ನಲ್ಲಿ 7,641 ದ್ವೀಪಗಳಿವೆಯಂತೆ. ಒಂದರಲ್ಲೂ ಸಾವಿರ ಪೆಸೊಗೆ ಚಿಲ್ಲರೆ ಸಿಗುವುದಿಲ್ಲ!

ಎಟಿಎಂಗೆ ಇದು ಗೊತ್ತೇ ಇಲ್ಲವೇನೋ. ನಮ್ಮ ಕಾರ್ಡ್ ಹಾಕಿದರೆ ಪ್ರತಿ ಸಲ ಸುಮಾರು 250 ಪೆಸೊ ಕಿತ್ತುಕೊಂಡು, ಗರಿಗರಿ ಸಾವಿರದ ನೋಟುಗಳನ್ನೇ ಉಗುಳುತ್ತದೆ.

ಜನವರಿ ಮೂರನೇ ಭಾನುವಾರ ಅಲ್ಲಿನ ಕಲಿಬೋ ಪಟ್ಟಣದಲ್ಲಿದ್ದೆ. ಬಾಲ ಯೇಸುವಿನ ಆತಿ-ಆತಿಹಾನ್ ಹಬ್ಬ. ಮುಖಕ್ಕೆ ಮಸಿ ಬಳಿದುಕೊಂಡು, ಡೋಲಿನ ಸದ್ದಿಗೆ 'ಹಲಾ ಬಿರಾ' ಅಂತ ಕೂಗುತ್ತಾ ಊರೇ ಬೀದಿಯಲ್ಲಿ ಕುಣಿಯುತ್ತದೆ. ನಾನೂ ಕುಣಿದೆ. ಬಾಯಾರಿತು. ಎಳನೀರಿನಾಕೆ ನನ್ನ ನೋಟು ನೋಡಿ ನಕ್ಕಳು. 'ವಲಾಂಗ್ ಸುಕ್ಲಿ.' ಅಂದರೆ ಚಿಲ್ಲರೆ ಇಲ್ಲ. ನಾನು ಕಲಿತ ಮೊದಲ ಟಗಾಲೊಗ್ ಮಾತು ಇದೇ.

ಮರುದಿನ ಬೊರಾಕಾಯ್‌ಗೆ ಹೊರಟೆ. ಕಾತಿಕ್ಲಾನ್ ಜೆಟ್ಟಿಯಲ್ಲಿ ದೋಣಿಗೊಂದು ದುಡ್ಡು, ಟರ್ಮಿನಲ್‌ಗೊಂದು, ಪರಿಸರ ಶುಲ್ಕ ಅಂತ ಇನ್ನೊಂದು. ಪರಿಸರ ಶುಲ್ಕಕ್ಕೆ ನನ್ನ ತಕರಾರಿಲ್ಲ. ಕೊಳಚೆ ನೀರು ಸಮುದ್ರ ಸೇರುತ್ತಿದೆ ಅಂತ 2018ರಲ್ಲಿ ಆ ದ್ವೀಪವನ್ನೇ ಆರು ತಿಂಗಳು ಮುಚ್ಚಿದ್ದರಲ್ಲ. ಆದರೆ ಮೂರೂ ಕಡೆ ಅದೇ ಮಾತು, ಚಿಲ್ಲರೆ ಕೊಡಿ. ಅಲ್ಲಾ, ಬೇರೆ ದೇಶದಿಂದ ಬಂದವರು ಚಿಲ್ಲರೆ ಎಲ್ಲಿಂದ ತರೋದು?

ಅಲ್ಲಿನ ಪುಟ್ಟ ಬಸ್ಸುಗಳಾದ ಜೀಪ್ನಿಗಳಲ್ಲಂತೂ 'ಬೆಳಿಗ್ಗೆ ಚಿಲ್ಲರೆ ಮಾತ್ರ' ಅಂತ ಬರೆದೇ ಅಂಟಿಸಿರುತ್ತಾರೆ. ನಮ್ಮ ಬಸ್ ಕಂಡಕ್ಟರ್ ಆಗಿದ್ದರೆ ಬೈದುಕೊಂಡಾದರೂ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತಿದ್ದರು.

ನೋಟು ಮುರಿಸೋಕೆ ಅಂತಲೇ ಕೊಂಡ ಒಣ ಮಾವಿನ ಪೊಟ್ಟಣ ಬ್ಯಾಗಿನಲ್ಲಿ ಏಳಾಗಿವೆ. ಯಾರಿಗಾದರೂ ಬೇಕಾ?