ಬೋರ್ಡ್ ಬರೆಯುವವರಿಗೆ ಒಳ್ಳೆ ಕಾಲ

ನಮ್ಮಲ್ಲಿ ಅಭಿವೃದ್ಧಿಗೆ ಈಗ ಕಾಲುವೆ ಬೇಡ, ಕಾರ್ಖಾನೆ ಬೇಡ. ಎರಡು ಡಬ್ಬ ಬಣ್ಣ, ಒಂದು ಬ್ರಷ್ ಸಾಕು.

2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಿತು. ಬೆಂಗಳೂರು ಅಂತ ಅಂಟಿಸಿದರೆ ಬಂಡವಾಳ ಬರುತ್ತದೆ, ಜಮೀನಿಗೆ ರೇಟು ಏರುತ್ತದೆ ಅನ್ನೋ ಲೆಕ್ಕ. ಏರಲಿ ಬಿಡಿ, ಮಾರುವವರಿಗೆ ಖುಷಿ. ಆದರೆ ಅಲ್ಲಿನ ಮಾರುಕಟ್ಟೆಗೆ ರೇಷ್ಮೆ ಗೂಡು ತರುವ ರೈತನ ಕಥೆ ಬೇರೆ. ಹರಾಜಿನಲ್ಲಿ ನೂಲು ತೆಗೆಯುವ ರೀಲರ್‌ಗಳು ಗೂಡು ನೋಡುತ್ತಾರೆ, ಬೋರ್ಡ್ ನೋಡಲ್ಲ.

ಇನ್ನು ವಿಳಾಸದ ಫಜೀತಿ. ಬೆಂಗಳೂರು ದಕ್ಷಿಣ ತಾಲ್ಲೂಕು ಇರುವುದು ಬೆಂಗಳೂರು ನಗರ ಜಿಲ್ಲೆಯಲ್ಲಿ. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೂ ಈ ಜಿಲ್ಲೆಗೂ ಸಂಬಂಧವಿಲ್ಲ. ಈ ಜಿಲ್ಲೆಯವರು ವೋಟು ಹಾಕುವುದು ಬೆಂಗಳೂರು ಗ್ರಾಮಾಂತರ ಕ್ಷೇತ್ರಕ್ಕೆ. ಅದೇ ಹೆಸರಿನ ಜಿಲ್ಲೆಯನ್ನಾದರೂ ಹಾಗೇ ಬಿಟ್ಟರಾ? ಅದೇ ವರ್ಷ ಜುಲೈನಲ್ಲಿ ಸಂಪುಟ ಸಭೆಗೆ ನಂದಿ ಬೆಟ್ಟ ಹತ್ತಿ ಕೂತು, ಅದು ಬೆಂಗಳೂರು ಉತ್ತರ ಅಂತ ತೀರ್ಮಾನಿಸಿದರು. ಗ್ರಾಮಾಂತರ ಅನ್ನೋ ಪದವೇ ಹೋದ ಮೇಲೆ ಹಳ್ಳಿಗಳ ಸಮಸ್ಯೆ ಎಲ್ಲಿಂದ ಬರಬೇಕು ಹೇಳಿ.

ಇದು ಒಂದೇ ಪಕ್ಷದ ಖಾಯಿಲೆಯೂ ಅಲ್ಲ. 2002ರಲ್ಲೇ ಪ್ರಾದೇಶಿಕ ಅಸಮತೋಲನ ನೋಡಲು ನೇಮಿಸಿದ್ದ ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಪಟ್ಟಿ ಕೊಟ್ಟಿತ್ತು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಅವುಗಳಲ್ಲಿ ಜಾಸ್ತಿ ಇದ್ದದ್ದು ಹೈದರಾಬಾದ್ ಕರ್ನಾಟಕದಲ್ಲಿ. 2019ರಲ್ಲಿ ಬೇರೊಂದು ಸರ್ಕಾರ ಅದಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟಿತು. ಜನ ಈಗಲೂ ಗುಳೆ ಹೋಗುತ್ತಾರೆ, ಆದರೆ ಕಲ್ಯಾಣದಿಂದ ಹೋಗುತ್ತಾರೆ. ಅವರು ಬರುವುದು ಹೇಗೂ ಬೆಂಗಳೂರಿಗೆ ತಾನೇ, ಸುಮ್ನೆ ಯಾದಗಿರಿಗೆ ಬೆಂಗಳೂರು ಈಶಾನ್ಯ ಅಂತ, ಬೀದರ್‌ಗೆ ಬೆಂಗಳೂರು ಕಡೇ ಸ್ಟಾಪ್ ಅಂತ ಬರೆಸಿಬಿಟ್ಟರೆ ರೈಲು ಚಾರ್ಜಾದರೂ ಉಳಿಯುತ್ತದೆ.

ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಅಂತ ಆಡಿಕೊಂಡೆವಲ್ಲ, ಆ ಭಟ್ಟರು ಈಗಿದ್ದಿದ್ದರೆ ಯೋಜನಾ ಸಲಹೆಗಾರರಾಗಿರುತ್ತಿದ್ದರು.

ಅದೇ ನಂದಿ ಬೆಟ್ಟದ ಸಭೆಯಲ್ಲಿ ಬಾಗೇಪಲ್ಲಿಗೂ ಭಾಗ್ಯನಗರ ಅನ್ನೋ ಹೆಸರು ಬಂತು. ಕೊಪ್ಪಳದ ಪಕ್ಕದಲ್ಲಿ ಆಗಲೇ ಒಂದು ಭಾಗ್ಯನಗರ ಇದೆ. ಅಲ್ಲಿನ ಜನ ತಲೆಗೂದಲು ತಂದು, ಸಿಕ್ಕು ಬಿಡಿಸಿ, ತೊಳೆದು, ಉದ್ದ ನೋಡಿ ವಿಂಗಡಿಸಿ ಹೊರದೇಶಕ್ಕೆ ಮಾರಿ ದುಡಿದರು. ಬಾಗೇಪಲ್ಲಿಯವರು ಒಮ್ಮೆ ಹೋಗಿ ಕೇಳಿಕೊಂಡು ಬರಲಿ, ಭಾಗ್ಯ ಬಂದದ್ದು ಬೋರ್ಡಿನಿಂದಲೋ ಕೂದಲಿನಿಂದಲೋ ಅಂತ.