ಅಗೆಯುವ ಮೊದಲು ನೀರು ಎಲ್ಲಿತ್ತು?

ಆಸ್ಟ್ರೇಲಿಯಾದ ವೊಲಾಂಗಾಂಗ್‌ನಲ್ಲಿ ಕಲ್ಲಿದ್ದಲು ಗಣಿಯ ವಿಸ್ತರಣೆ ಕುರಿತ ಅಹವಾಲು ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ, ಪಕ್ಕದಲ್ಲಿದ್ದ ನಿವೃತ್ತ ಗಣಿ ಕಾರ್ಮಿಕರೊಬ್ಬರು ನಾನು ಮಂಡ್ಯ ಜಿಲ್ಲೆಯ ರೈತರ ಮನೆಯವನೆಂದು ತಿಳಿದು, ನಿಮ್ಮ ಬೋರ್‌ವೆಲ್‌ನಲ್ಲಿ ಬೇಸಿಗೆಯ ಕೊನೆಗೆ ನೀರು ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಸಹಜವಾಗಿ ಕೇಳಿದರು. ಎಷ್ಟು ಅಡಿ ಕೊರೆಸಿದೆವು, ಎಷ್ಟು ಇಂಚು ನೀರು ಬಿತ್ತು, ಎಷ್ಟು ಸಾಲವಾಯಿತು ಎಂಬುದೆಲ್ಲ ನನಗೆ ಬಾಯಿಪಾಠ. ಒಳಗೆ ನಿಂತ ನೀರಿನ ಮಟ್ಟ ಮಾತ್ರ ಗೊತ್ತಿರಲಿಲ್ಲ. ನಮ್ಮೂರಿನಲ್ಲಿ ಇನ್ಯಾರಿಗಾದರೂ ಗೊತ್ತಿದ್ದೀತು ಎಂದು ಹೇಳುವ ಧೈರ್ಯವೂ ಬರಲಿಲ್ಲ.

ಇಲ್ಲಿನ ಗಣಿಗಳು ನೆಲದಡಿಯವು. ನೂರಾರು ಮೀಟರ್ ಆಳದ ಕಲ್ಲಿದ್ದಲಿನ ಪದರವನ್ನು ಲಾಂಗ್‌ವಾಲ್ ಯಂತ್ರ ಕೊರೆದು ತೆಗೆಯುತ್ತ ಸಾಗಿದಂತೆ, ಹಿಂದೆ ಉಳಿದ ಪೊಳ್ಳಿನೊಳಕ್ಕೆ ಚಾವಣಿಯ ಬಂಡೆ ಕುಸಿಯುತ್ತದೆ; ಅದರ ಮೇಲಿನದು ಸೀಳುತ್ತದೆ, ಅದಕ್ಕೂ ಮೇಲಿನದು ಬಾಗುತ್ತದೆ, ಕೊನೆಗೆ ನೆಲವೇ ತಗ್ಗುತ್ತದೆ. ಒಂದಕ್ಕೊಂದು ಕೂಡಿಕೊಂಡ ಸೀಳುಗಳು ಎಷ್ಟು ಎತ್ತರದವರೆಗೆ ಏರುತ್ತವೆ ಎಂಬುದೇ ಇಲ್ಲಿ ಎಲ್ಲ ವಾದಗಳ ತಿರುಳು. ಅವು ನೀರು ಹೊತ್ತ ಮರಳುಗಲ್ಲನ್ನು ಮುಟ್ಟಿದರೆ ಅಲ್ಲಿನ ನೀರು ಗಣಿಗೆ ಬಸಿಯುತ್ತದೆ, ಅದನ್ನು ಪಂಪ್ ಮಾಡಿ ಹೊರಹಾಕಿದಷ್ಟೂ ಸುತ್ತಲಿನ ಮಟ್ಟ ಕುಸಿಯುತ್ತದೆ. ಆದ್ದರಿಂದ ಗಣಿ ಬರುವ ಎಷ್ಟೋ ಮುಂಚೆಯೇ ಕೊಳವೆ ಕೊರೆದು, ಬೇರೆ ಬೇರೆ ಆಳಗಳಲ್ಲಿ ಒತ್ತಡ ಅಳೆಯುವ ಉಪಕರಣಗಳನ್ನು ಇರಿಸಿ, ಬಂದ ಅಂಕಿಗಳನ್ನು ಮಳೆಯ ಲೆಕ್ಕದೊಂದಿಗೆ ಹೋಲಿಸುತ್ತಾರೆ. ಗಣಿಯೊಳಗೆ ಜಿನುಗುವ ನೀರಿನಲ್ಲಿ ಟ್ರಿಟಿಯಂ (ಹೊಸ ಮಳೆನೀರಿನಲ್ಲಿದ್ದು, ಕಾಲ ಕಳೆದಂತೆ ಕ್ಷಯಿಸುವ ವಿಕಿರಣಶೀಲ ಹೈಡ್ರೋಜನ್) ಇದೆಯೇ ಎಂದು ನೋಡಿ, ಅದು ಬಂಡೆಯಲ್ಲೇ ಉಳಿದಿದ್ದ ಹಳೆಯ ನೀರೋ ಈಚಿನ ದಶಕಗಳ ಮಳೆಯದೋ ಎಂದು ಗುರುತಿಸುತ್ತಾರೆ. ನ್ಯೂ ಸೌತ್ ವೇಲ್ಸ್ ರಾಜ್ಯದ 2012ರ ನೀತಿಯಂತೆ, ಯಾರದೇ ಬಾವಿಯ ಮಟ್ಟ 2 ಮೀಟರ್‌ಗಿಂತ ಹೆಚ್ಚು ಇಳಿದರೆ ಅವರಿಗೆ ನೀರಿನ ಕೊರತೆ ತುಂಬಿಕೊಡುವ ಹೊಣೆ ಗಣಿಯದು. ಎಲ್ಲಿಂದ ಎರಡು ಮೀಟರ್ ಎಂಬ ಪ್ರಶ್ನೆಗೆ ಉತ್ತರ ಹಳೆಯ ದಾಖಲೆಯಲ್ಲಿರುತ್ತದೆ.

ನಮ್ಮ ಪಾಂಡವಪುರದ ಕಡೆ ಕಲ್ಲಿದ್ದಲಿಲ್ಲ, ಕಲ್ಲಿದೆ. ನಾನು ಊರಿಗೆ ಹೋದಾಗಲೆಲ್ಲ ಜಗಲಿಯ ಮೇಲೆ ಅದೇ ಜಗಳ. ಕ್ರಷರ್ ಬಂದ ಮೇಲೆಯೇ ಬೋರು ಬತ್ತಿತು ಎನ್ನುವುದು ಚಿಕ್ಕಪ್ಪನ ಪಟ್ಟು. ಮಳೆ ಹೋಯಿತು, ಕೆರೆ ತುಂಬಲಿಲ್ಲ, ಸುತ್ತಲಿನ ಗದ್ದೆಗಳಲ್ಲಿ ಸಾಲು ಸಾಲು ಬೋರು ಬಿದ್ದವು ಎನ್ನುವುದು ದೊಡ್ಡಪ್ಪನ ಮಗನ ವಾದ. ಎರಡೂ ನಿಜವಿರಬಹುದು, ಕ್ವಾರಿಯ ಗುಂಡಿ ನೀರಿನ ಮಟ್ಟಕ್ಕಿಂತ ಕೆಳಗಿಳಿದರೆ ಪಕ್ಕದ ಬಾವಿ ಅದರತ್ತ ಬಸಿಯುವುದು ಸಾಧ್ಯವೇ. ಆದರೆ ತೀರ್ಮಾನಿಸಲು ನಮ್ಮ ಬಳಿ ಇರುವುದು ಬರೀ ನೆನಪು. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ ಜಾಗಕ್ಕೆ ಲಕ್ಷಗಟ್ಟಲೆ ಸುರಿಯುವ ನಾವು, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಒಂದು ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಗೀಚಿಡುವುದಿಲ್ಲ. 2024ರ ಜನವರಿಯಲ್ಲಿ ಹೈಕೋರ್ಟು ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆಗೆ ತಡೆ ಹಾಕಿದಾಗಲೂ ನಮ್ಮ ಜಗಲಿಯ ಮಾತೆಲ್ಲ ಅಣೆಕಟ್ಟೆಯ ಬಿರುಕಿನ ಸುತ್ತಲೇ ಸುತ್ತಿತು. ಬಾವಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಈಗ ನಮ್ಮ ಜಿಲ್ಲೆಯದೇ ಮರಳಗಾಲದ ಬಳಿ 1,600 ಟನ್ ಲಿಥಿಯಂ ಇದೆಯೆಂಬ ಸರ್ಕಾರಿ ಅಂದಾಜು ಬೇರೆ ಇದೆ. ನಾಳೆ ಅಲ್ಲಿ ಅಗೆತ ಶುರುವಾದರೆ ಸುತ್ತಲಿನ ಹಳ್ಳಿಗಳು ಮತ್ತೆ ನೆನಪನ್ನೇ ಹಿಡಿದು ಹೋರಾಡಬೇಕು.

ಮಾಪನವನ್ನು ಇಷ್ಟು ಹೊಗಳಿದ ಮೇಲೆ, ಮನಸ್ಸಿಲ್ಲದಿದ್ದರೂ ಕೆಲವನ್ನು ಒಪ್ಪಬೇಕು. ಅಳೆಯುವ ಈ ನಾಡಿನಲ್ಲೇ, ಸಿಡ್ನಿಯ ದಕ್ಷಿಣಕ್ಕಿರುವ ವಾರಟಾ ಎಂಬ ಹೊಳೆಯ ತಳ ಗಣಿಯಿಂದಾಗಿ ಸೀಳಿತು, ನೀರು ಸೀಳುಗಳೊಳಗೆ ಇಂಗಿ ಮಡುಗಳು ಒಣಗಿದವು. ಡೆಂಡ್ರೋಬಿಯಂ ಗಣಿಯ ವಿಸ್ತರಣೆಯನ್ನು ಸ್ವತಂತ್ರ ಆಯೋಗ 2021ರಲ್ಲಿ ನೀರಿನ ಕಾರಣಕ್ಕೆ ನಿರಾಕರಿಸಿದರೆ, ಅದೇ ವರ್ಷ ಸರ್ಕಾರ ಅದಕ್ಕೆ ವಿಶೇಷ ಸ್ಥಾನ ಕೊಟ್ಟು ಇನ್ನೊಂದು ಬಾಗಿಲು ತೆರೆಯಿತು. ಮರುವರ್ಷ ಕಂಪನಿಯೇ ಹಿಂದೆ ಸರಿದದ್ದು ಬೇರೆ ಮಾತು. ನಮ್ಮಲ್ಲಿಯೂ ಅಳೆಯುವವರೇ ಇಲ್ಲವೆಂದರೆ ತಪ್ಪಾದೀತು: ಕೇಂದ್ರ ಅಂತರ್ಜಲ ಮಂಡಳಿ ವರ್ಷಕ್ಕೆ ನಾಲ್ಕು ಬಾರಿ ವೀಕ್ಷಣಾ ಬಾವಿಗಳ ಮಟ್ಟ ನೋಡುತ್ತದೆ, ರಾಜ್ಯದ ನಿರ್ದೇಶನಾಲಯಕ್ಕೂ ತನ್ನದೇ ಬಾವಿಗಳಿವೆ. ಆದರೆ ನಮ್ಮದು ಪದರ ಪದರವಾದ ಮರಳುಗಲ್ಲಲ್ಲ, ಗಟ್ಟಿ ಶಿಲೆ. ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಒಂದೇ ಬದುವಿನ ಎರಡು ಬದಿಯ ಬೋರುಗಳಿಗೇ ತಾಳೆಯಿಲ್ಲದಿರುವಾಗ ಹತ್ತಾರು ಊರಿಗೊಂದು ಬಾವಿಯ ಅಂಕಿ ನಮ್ಮ ಜಗಳವನ್ನು ತೀರಿಸದು. ಇನ್ನೊಂದು ಮುಜುಗರವೂ ಇದೆ: ನಮ್ಮ ಪಂಪ್‌ಸೆಟ್ ಓಡಿಸುವ ಕರೆಂಟಿನಲ್ಲಿ ಕಲ್ಲಿದ್ದಲಿನ ಪಾಲು ದೊಡ್ಡದು, ಅದು ಬಂದ ಊರುಗಳ ಬಾವಿಗಳ ಗತಿಯನ್ನು ನಾವೆಂದೂ ವಿಚಾರಿಸಿದವರಲ್ಲ.

ಪ್ರತಿ ಅಮಾವಾಸ್ಯೆಗೆ ಟೇಪು ಇಳಿಬಿಟ್ಟು ಬರೆದಿಡಿ ಎಂದು ಫೋನಿನಲ್ಲಿ ಹೇಳಿದಾಗ ಚಿಕ್ಕಪ್ಪ, "ಪಂಪು, ಪೈಪು, ಕೇಬಲ್ಲು ಇಳ್ಸಿರೋ ಬೋರಿನೊಳಕ್ಕೆ ಟೇಪ್ ಬಿಟ್ರೆ ಮೇಲಕ್ಕೆ ಬಂದದೇನ್ಲಾ?" ಎಂದರು. ಮಾತು ಸರಿಯಾಗಿಯೇ ಇತ್ತು. ಊರಾಚೆಯ ಗೋಮಾಳದಲ್ಲಿ ಪಂಪು ಇಳಿಸದೆ ಮುಚ್ಚಳ ಹಾಕಿಟ್ಟ ಪಂಚಾಯಿತಿಯ ಬೋರೊಂದಿದೆ. ಅದರ ಮುಚ್ಚಳ ತೆಗೆಯಲು ಯಾರ ಅನುಮತಿ ಬೇಕೆಂದು ವಿಚಾರಿಸಲು ಒಪ್ಪಿಕೊಂಡಿದ್ದಾರೆ.