ಹೆದರಬೇಡಿ, ಏನೂ ಮಾಡುವುದಿಲ್ಲ

ನಾಯಿ ಸಾಕಿದವರ ನಾಲಿಗೆಯ ತುದಿಯಲ್ಲಿ ಸದಾ ಸಿದ್ಧವಾಗಿರುವ ಮಾತಿದು. ಹೇಳುವುದು ಮಾತ್ರ ಬಲು ದೂರದಿಂದ, ಕೂಗಿ. ಅಷ್ಟರಲ್ಲಿ ನಾಯಿ ಮಾಡಬೇಕಾದದ್ದನ್ನೆಲ್ಲ ಮಾಡಿ ಮುಗಿಸಿರುತ್ತದೆ: ಮುಂಗಾಲುಗಳೆರಡೂ ನನ್ನ ಎದೆಯ ಮೇಲೆ, ಕೆಸರು ಇಸ್ತ್ರಿ ಮಾಡಿದ ಅಂಗಿಯ ಮೇಲೆ, ಜೊಲ್ಲು ಕನ್ನಡಕದ ಮೇಲೆ. ಕಚ್ಚುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರ ಪ್ರಕಾರ 'ಏನೂ ಅಲ್ಲ'.

'ಬಾಲ ಅಲ್ಲಾಡಿಸುತ್ತಿದೆ ನೋಡಿ, ಅದಕ್ಕೆ ನೀವೆಂದರೆ ಇಷ್ಟ' ಎಂಬುದು ಎರಡನೆಯ ಪ್ರಮಾಣಪತ್ರ. ಬಾಲದ ವಿಷಯ ಅಷ್ಟು ಸಲೀಸಲ್ಲ. 2007ರಲ್ಲಿ ಇಟಲಿಯ ಸಂಶೋಧಕರು ನಾಯಿಗಳ ಬಾಲವನ್ನೇ ಚಿತ್ರೀಕರಿಸಿ ನೋಡಿದರು. ಯಜಮಾನನನ್ನು ಕಂಡಾಗ ಬಾಲದ ಬೀಸು ಬಲಕ್ಕೆ ಹೆಚ್ಚು ವಾಲುತ್ತಿತ್ತು. ಜೋರು ಸ್ವಭಾವದ ಅಪರಿಚಿತ ನಾಯಿ ಎದುರಾದಾಗ ಎಡಕ್ಕೆ. ಬಾಲ ಬೀಸಿದ್ದೆಲ್ಲ ಪ್ರೀತಿಯಲ್ಲ ಎಂದಾಯಿತು. ಆದರೆ ಮೈಮೇಲೆ ಎಗರಿ ಬರುತ್ತಿರುವ ಪ್ರಾಣಿಯ ಹಿಂದಕ್ಕೆ ಹೋಗಿ, ಬಾಲ ಎತ್ತ ವಾಲಿದೆ, ಅದರ ಬಲವೋ ನನ್ನ ಬಲವೋ ಎಂದು ಲೆಕ್ಕ ಹಾಕುವ ವ್ಯವಧಾನ ಯಾರಿಗಿದೆ? ಕಾಲಿಗೆ ಬುದ್ಧಿ ಹೇಳೋಣವೆಂದರೆ ಅದೂ ಕೂಡದು. ಓಡುವವರನ್ನು ಬೆನ್ನಟ್ಟುವುದು ನಾಯಿಯ ಹುಟ್ಟುಗುಣ. ಮರದ ಹಾಗೆ ಅಲುಗಾಡದೆ ನಿಲ್ಲಬೇಕೆಂದು ತಿಳಿದವರು ಹೇಳುತ್ತಾರೆ. (ಗಂಡುನಾಯಿಯ ಮುಂದೆ ಮರದ ಹಾಗೆ ನಿಂತರೆ ಏನಾಗಬಹುದೆಂದು ಅವರು ಯೋಚಿಸಿದಂತಿಲ್ಲ.)

ನನ್ನನ್ನು ನಾಯಿದ್ವೇಷಿ ಎಂದುಕೊಳ್ಳಬೇಡಿ. ನಮ್ಮ ಮನೆಯಲ್ಲೂ ಒಂದಿದೆ, ಪುಕ್ಕಲು. ಬೇರೆ ನಾಯಿ ಕಂಡರೆ ಸಾಕು, ನನ್ನ ಕಾಲುಗಳ ನಡುವೆ ತಲೆ ತೂರಿಸಿ ನಿಲ್ಲುತ್ತದೆ. ಅದರ ಬೆಲ್ಟಿಗೆ ಹಳದಿ ರಿಬ್ಬನ್ ಕಟ್ಟಿದ್ದೇನೆ. 'ದಯವಿಟ್ಟು ದೂರವಿರಿ, ಇದಕ್ಕೆ ಜಾಗ ಬೇಕು' ಎನ್ನುವುದಕ್ಕೆ ಹಲವು ದೇಶಗಳ ನಾಯಿಪ್ರಿಯರು ಬಳಸುವ ಗುರುತು ಅದು. ಪರಿಣಾಮವೇನೆಂದರೆ, ಮೊದಲು ದೂರದಲ್ಲೇ ಹೋಗುತ್ತಿದ್ದವರೂ ಈಗ ತಮ್ಮ ನಾಯಿಯನ್ನು ಎಳೆದುಕೊಂಡು ಹತ್ತಿರ ಬಂದು, 'ಅಯ್ಯೋ, ಎಷ್ಟು ಮುದ್ದಾಗಿದೆ, ಇವತ್ತು ಹುಟ್ಟುಹಬ್ಬವೇ?' ಎಂದು ವಿಚಾರಿಸುತ್ತಾರೆ.

ಇನ್ನು ಆ ಉದ್ದನೆಯ ಬೆಲ್ಟು. ಹಿಡಿಯೊಳಗೆ ಸುರುಳಿ ಸುತ್ತಿಕೊಂಡಿರುತ್ತದೆ, ನಾಯಿ ಎಳೆದಷ್ಟೂ ಬಿಚ್ಚಿಕೊಳ್ಳುತ್ತದೆ. ಐದು ಮೀಟರಿನದೂ ಇದೆ, ಎಂಟರದೂ ಇದೆ. ಗುಂಡಿ ಒತ್ತಿದರೆ ನಿಲ್ಲುತ್ತದಂತೆ. ಯಾರಾದರೂ ಒತ್ತಿದ್ದನ್ನು ನಾನು ಕಂಡಿಲ್ಲ. ಮೊನ್ನೆ ಕಾಲುದಾರಿಯ ಈ ಅಂಚಿನಲ್ಲಿ ಒಬ್ಬರು ಮೊಬೈಲಿನಲ್ಲಿ ಮುಳುಗಿದ್ದರು, ಆ ಅಂಚಿನಲ್ಲಿ ಅವರ ನಾಯಿ ಪೊದೆಯಲ್ಲಿ ಮುಳುಗಿತ್ತು. ನಡುವೆ, ಮೊಣಕಾಲಿನ ಎತ್ತರದಲ್ಲಿ, ಇದೆಯೋ ಇಲ್ಲವೋ ಎಂಬಂಥ ತೆಳ್ಳನೆಯ ದಾರ. ನಾನು ದೀಪದ ಕಂಬದ ಪಕ್ಕ ನಿಂತೆ. ಪೊದೆಯೊಳಗಿನ ತಲೆ ಹೊರಗೆ ಬಂತು, ನಮ್ಮ ಪುಕ್ಕಲನನ್ನು ನೋಡಿತು, ಸಂಭ್ರಮದಿಂದ ನನಗೂ ಕಂಬಕ್ಕೂ ಸೇರಿಸಿ ಒಂದು ಸುತ್ತು ಹಾಕಿತು. ನಮ್ಮದು ಗಾಬರಿಬಿದ್ದು ಎದುರು ದಿಕ್ಕಿನಿಂದ ಇನ್ನೊಂದು ಸುತ್ತು ಹಾಕಿತು. ಸುರುಳಿಯೊಳಗಿನ ಸ್ಪ್ರಿಂಗ್ ಕರ್ತವ್ಯನಿಷ್ಠವಾದದ್ದು, ದಾರವನ್ನು ಬಿಗಿಯಾಗಿ ಹಿಂದಕ್ಕೆ ಸೆಳೆದುಕೊಂಡಿತು. ಮೊಣಕಾಲಿನ ಹಿಂಬದಿಯಲ್ಲಿ ಕೆಂಪು ಗೆರೆಯೊಂದು ಚುರ್ರೆಂದು ಎದ್ದಿತು.

ಮಾಲೀಕರು 'ಒಂದು ನಿಮಿಷ' ಎಂದರು, ನನಗಲ್ಲ, ಫೋನಿನ ಆ ಕಡೆಯವರಿಗೆ. ಆಮೇಲೆ ಬಗ್ಗಿ, 'ಬ್ರೂನೋ, ಅಂಕಲ್‌ಗೆ ಸಾರಿ ಹೇಳು' ಎಂದರು. ಬ್ರೂನೋ ಕಂಬದ ಬುಡ ಮೂಸುತ್ತಿತ್ತು. ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಕರೆದರೆ ಬರಬೇಕೆಂದು ಅದಕ್ಕೆ ಯಾರೂ ಕಲಿಸಿಲ್ಲ. ಜನ ಓಡಾಡುವಲ್ಲಿ ಬೆಲ್ಟನ್ನು ಮೋಟಾಗಿ ಹಿಡಿಯಬೇಕೆಂದು ಅದರ ಯಜಮಾನರಿಗೂ ಯಾರೂ ಕಲಿಸಿಲ್ಲ. ನಾಯಿಗಾದರೆ ತರಬೇತಿ ಶಾಲೆಗಳಿವೆ.

ಕೊನೆಗೆ, ಎತ್ತಬೇಕಾದ ವಿಷಯ. ನಾಯಿ ಬೆನ್ನು ಬಾಗಿಸಿ ಕುಳಿತೊಡನೆ ಕೆಲವರಿಗೆ ಪ್ರಕೃತಿಪ್ರೇಮ ಉಕ್ಕಿ ಬರುತ್ತದೆ. ಮೋಡ ನೋಡುತ್ತಾರೆ, ಹಕ್ಕಿಗೆ ಕಿವಿಗೊಡುತ್ತಾರೆ. 'ಗೊಬ್ಬರವಾಗುತ್ತದೆ ಬಿಡಿ' ಎನ್ನುವವರೂ ಇದ್ದಾರೆ. ಆಗುವುದಿಲ್ಲ ಸ್ವಾಮಿ. ಅದರಲ್ಲಿ ಟಾಕ್ಸೊಕಾರಾ ಎಂಬ ದುಂಡುಹುಳುವಿನ ಮೊಟ್ಟೆಗಳಿರಬಹುದು. ಅವು ಸೋಂಕು ಹರಡುವಷ್ಟು ಬಲಿಯಲು ಕೆಲವು ವಾರ ಬೇಕು, ಬಲಿತ ಮೇಲೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಬಿಸಿಯಿರುವಾಗಲೇ ಎತ್ತುವುದು ಎಲ್ಲ ರೀತಿಯಿಂದಲೂ ಕ್ಷೇಮ. ನ್ಯೂಯಾರ್ಕ್ ನಗರದಲ್ಲಿ ಎತ್ತದವರಿಗೆ ದಂಡ ಹಾಕುವ ಕಾನೂನು 1978ರಲ್ಲೇ ಜಾರಿಗೆ ಬಂತು. ಇನ್ನೂ ವಿಚಿತ್ರ ಪಂಗಡವೊಂದಿದೆ: ಶ್ರದ್ಧೆಯಿಂದ ಎತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಂಟು ಕಟ್ಟಿ, ಅದನ್ನು ಪೊದೆಗೆ ನೇತುಹಾಕಿ ಹೋಗುವವರು. ಮಳೆಗೆ ಕರಗಿ ಹೋಗಬೇಕಾದದ್ದನ್ನು ಮುಂದಿನ ತಲೆಮಾರಿಗಾಗಿ ಕಾಪಿಡುವ ಉದ್ದೇಶ ಏನೋ ಗೊತ್ತಿಲ್ಲ.

ಮೋಡ ನೋಡುವವರಿಗೆ ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಜಗಳವಿಲ್ಲ, ಉಪದೇಶವಿಲ್ಲ. ನಿನ್ನೆ ಹಾಗೆ ಹೊರಟಿದ್ದ ಹಿರಿಯರೊಬ್ಬರಿಗೆ, 'ಸರ್, ನಿಮ್ಮದೇನೋ ಬಿದ್ದಂತಿದೆ' ಎಂದೆ. ಅವರು ಗಾಬರಿಯಿಂದ ಜೇಬುಗಳನ್ನೆಲ್ಲ ತಡವಿಕೊಂಡರು. ಪರ್ಸು ಇತ್ತು, ಮೊಬೈಲ್ ಇತ್ತು, ಕೀಲಿಗೊಂಚಲು ಇತ್ತು. ನಾನು ನೆಲದತ್ತ ಕೈ ತೋರಿಸಿ, ನನ್ನಲ್ಲಿದ್ದ ಚೀಲವೊಂದನ್ನು ವಿನಯದಿಂದ ಮುಂದಕ್ಕೆ ಹಿಡಿದೆ.

'ಬೇಡ ಬೇಡ, ನನ್ನ ಹತ್ತಿರ ಇದೆ' ಎಂದು ಅವರು ಇನ್ನೊಂದು ಜೇಬಿನಿಂದ ಚೀಲಗಳ ಸುರುಳಿ ತೆಗೆದರು. ಅದರ ಮೇಲಿನ ಮೊಹರು ಇನ್ನೂ ಒಡೆದಿರಲಿಲ್ಲ.